ಅಕ್ಕ ಮತ್ತು ನಾಲ್ಕು ಕಲ್ಲು

ಮಾರ್ಚ್ 3, ಸೋಮವಾರ

ಡಾಕ್ಟರಮ್ಮ ಬರೆಯಲು ಹೇಳಿದ್ದು ಇಷ್ಟೇ: ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ, ನೋವು ಬಂತೋ ಇಲ್ಲವೋ. ಅದಕ್ಕೆಂದು ಬೇಕರಿಯ ಆರ್ಡರ್ ಪುಸ್ತಕಗಳ ಕಟ್ಟಿನಿಂದ ಒಂದನ್ನು ಎಳೆದುಕೊಂಡೆ. ಆದರೆ ಕೂತ ಮೇಲೆ ಬರೀ ತಿಂದದ್ದನ್ನು ಬರೆಯುವುದು ಹೇಗೆ? ನಿನ್ನೆ ಆದದ್ದನ್ನು ಬರೆಯದಿದ್ದರೆ ಇವತ್ತು ತಿಂದ ಎರಡು ತುಂಡು ಒಣ ಬ್ರೆಡ್ಡಿಗೆ ತಲೆಬುಡವೇ ಇಲ್ಲ.

ನಿನ್ನೆ ಮಧ್ಯಾಹ್ನ ಮೂರು ಅಂತಸ್ತಿನ ಕೇಕಿಗೆ ಬೆಣ್ಣೆ ಕ್ರೀಮು ಕಲಸುತ್ತಿದ್ದೆ. ಇಪ್ಪತ್ತಾರು ವರ್ಷದಿಂದ ಕಲಸುತ್ತಿದ್ದೇನೆ, ಇಪ್ಪತ್ತಾರು ವರ್ಷದಿಂದ ಚಮಚ ಬಾಯಿಗಿಟ್ಟು ರುಚಿ ನೋಡುತ್ತಿದ್ದೇನೆ. ನಿನ್ನೆ ನಾಲ್ಕನೇ ಚಮಚ ನುಂಗಿ ಅರ್ಧ ಗಂಟೆಯೂ ಆಗಿರಲಿಲ್ಲ. ಬಲಪಕ್ಕೆಯ ಕೆಳಗೆ ಯಾರೋ ಕೈ ಹಾಕಿ ಬಟ್ಟೆ ಹಿಂಡಿದ ಹಾಗೆ ಹಿಂಡಿದರು. ನೋವು ಬೆನ್ನು ಸುತ್ತಿ ಬಲ ಭುಜಕ್ಕೆ ಏರಿತು. ಹಿಟ್ಟಿನ ಮೂಟೆಗಳ ಮೇಲೆ ಒರಗಿದೆ. ನಮ್ಮ ಒಲೆ ನೋಡಿಕೊಳ್ಳುವ ಮುದುಕ, ನಾವೆಲ್ಲ ಒಲೆ ತಾತ ಅನ್ನುತ್ತೇವೆ, "ಏನಯ್ಯಾ, ಮೂಟೆ ಜೊತೆ ಮೂಟೆ ಆಗ್ಬಿಟ್ಟೆ?" ಎಂದು ನಗುತ್ತ ಬಂದವನು ನನ್ನ ಮುಖ ನೋಡಿ ನಗು ನುಂಗಿಕೊಂಡ. ಮೂರು ಗಂಟೆ ಕಾಲ ಹಾಗೆಯೇ. ಎರಡು ಸಲ ವಾಂತಿ.

ಇವತ್ತು ಸ್ಕ್ಯಾನ್ ಆಯಿತು. ಪಿತ್ತಕೋಶದಲ್ಲಿ ನಾಲ್ಕು ಕಲ್ಲು. ದೊಡ್ಡದು ಕಡಲೆಕಾಳಿಗಿಂತ ಒಂದಿಷ್ಟು ದಪ್ಪ. "ಪಿತ್ತಕೋಶಾನೇ ತೆಗೀಬೇಕಾಗುತ್ತೆ. ಅವಸರವಿಲ್ಲ, ಆದ್ರೆ ಮರೆಯೋ ಹಾಗೂ ಇಲ್ಲ," ಎಂದರು ಡಾಕ್ಟರಮ್ಮ.

"ಅಕ್ಕನ್ನ ಕೇಳಿ ಹೇಳ್ತೀನಿ," ಎಂದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ನಿಮಗೆ ವಯಸ್ಸೆಷ್ಟು ಅಂದ್ರಿ?"

"ಐವತ್ತೊಂದು."

ಅವರು ಚೀಟಿ ಬರೆದರು. ಪಕ್ಕದಲ್ಲಿ ಕೂತಿದ್ದ ನನ್ನವಳು ಕೆಮ್ಮಿದಳು. ಅವಳಿಗೆ ಕೆಮ್ಮೇನೂ ಇರಲಿಲ್ಲ.

ಮಾರ್ಚ್ 4, ಮಂಗಳವಾರ

ಅಕ್ಕ ಬೆಳಿಗ್ಗೆಯೇ ಬಂದಳು. ಬಾಗಿಲು ತಟ್ಟುವ ಅಭ್ಯಾಸ ಅವಳಿಗಿಲ್ಲ. ಅರವತ್ತಾರು ವರ್ಷ, ಬೆನ್ನು ಮಾತ್ರ ಅಳತೆಗೋಲು. ಮೂವತ್ತೈದು ವರ್ಷ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವಳು. ಅವಳ ಸೀಟಿ ಕೇಳಿದರೆ ಈಗಲೂ ಈ ಬೀದಿಯ ಅರ್ಧ ಜನ ನೆಟ್ಟಗೆ ನಿಲ್ಲುತ್ತಾರೆ. ನಿವೃತ್ತಳಾದ ಮೇಲೆ ಉದ್ಯಾನದ ಪಕ್ಕದ ಸಭಾಂಗಣದಲ್ಲಿ ಬೆಳಗಿನ ತರಗತಿ ನಡೆಸುತ್ತಾಳೆ. ನಡಿಗೆ, ಪಥ್ಯ, ಒಳಗಿನ ಶುದ್ಧಿ. ಮೂವತ್ತು ಜನ ಬರುತ್ತಾರೆ.

"ಎದ್ದು ನಿಲ್ಲು. ನಾಲಿಗೆ ಚಾಚು," ಎಂದಳು. ಚಾಚಿದೆ. "ಬೆಣ್ಣೆ ತಿಂದ ನಾಲಿಗೆ. ಆಪರೇಷನ್ ಏನೂ ಬೇಡ ಪುಟ್ಟಾ. ದೇವರು ಕೊಟ್ಟ ಚೀಲ ಅದು, ಕಿತ್ತು ಎಸೆಯೋಕೆ ಅದೇನು ಹರಿದ ಚಪ್ಪಲಿಯಾ? ಪಥ್ಯ ಮಾಡು. ಆಮೇಲೆ ಶುದ್ಧಿ ಮಾಡ್ಸೋಣ. ಕಲ್ಲು ತಾನಾಗೇ ಇಳಿಯುತ್ತೆ."

ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಸುಳ್ಳು ಹೇಳುವುದೇಕೆ, ಆಸ್ಪತ್ರೆಯೆಂದರೆ ನನಗೆ ಪ್ರಾಣಭಯ. ನಾನು ಐದು ವರ್ಷದವನಿದ್ದಾಗ ಅಮ್ಮ ಹೊಟ್ಟೆಯ ಆಪರೇಷನ್ನಿಗೆಂದು ಹೋದವಳು ತಿರುಗಿ ಬರಲಿಲ್ಲ. ಅಪ್ಪ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಇರುತ್ತಿದ್ದುದಕ್ಕಿಂತ ದಾರಿಯಲ್ಲಿ ಇರುತ್ತಿದ್ದುದೇ ಹೆಚ್ಚು. ಇಪ್ಪತ್ತು ವರ್ಷದ ಅಕ್ಕ ನನ್ನನ್ನು ಸಾಕಿದಳು. ಸ್ಲೇಟು ಕೊಡಿಸಿದ್ದು ಅವಳು, ಬೇಕರಿ ಕೆಲಸಕ್ಕೆ ಹಾಕಿದ್ದು ಅವಳು, ಹುಡುಗಿ ನೋಡಿ ಬಂದು "ಇವಳೇ" ಎಂದದ್ದೂ ಅವಳು. ಯಾವುದೂ ತಪ್ಪಾಗಿಲ್ಲ.

ಅಕ್ಕ ಹೋದ ಮೇಲೆ ನನ್ನವಳು ಪಾತ್ರೆ ಕುಕ್ಕುತ್ತ, "ನಿಮ್ಮಕ್ಕ ಹೇಳಿದ್ರೆ ನೀವು ಸೂರ್ಯಂಗೂ ಕೊಡೆ ಹಿಡೀತೀರ," ಎಂದಳು.

"ನಿನ್ನನ್ನ ಆರಿಸಿದ್ದೂ ಅವಳೇ ಅಲ್ವಾ?"

ಪಾತ್ರೆಗಳ ಸದ್ದು ಇನ್ನಷ್ಟು ಜೋರಾಯಿತು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಸೇಬು, ಬೆಣ್ಣೆ ಸವರದ ಬ್ರೆಡ್ಡು. ಮಧ್ಯಾಹ್ನ ಅನ್ನ, ಬೇಯಿಸಿದ ಬೀನ್ಸ್, ಬೀಟ್‌ರೂಟ್. ಸಂಜೆ ಮತ್ತೆ ಸೇಬು. ನೋವಿಲ್ಲ.

ಬೆಣ್ಣೆ, ಕರಿದದ್ದು, ಕೆನೆ, ಮೊಟ್ಟೆಯ ಹಳದಿ ಎಲ್ಲ ಬಂದ್. ಬೇಕರಿಯವನಿಗೆ ಬೆಣ್ಣೆ ಬೇಡ ಎನ್ನುವುದು ಮೀನಿಗೆ ನೀರು ಬೇಡ ಎಂದ ಹಾಗೆ. ರುಚಿ ನೋಡುವ ಕೆಲಸ ಈಗ ನನ್ನವಳದು. ಮೊದಲ ದಿನ ಗೊಣಗಿದಳು. ಇವತ್ತು ಬಿಸ್ಕತ್ತಿನ ಹಿಟ್ಟು ನಾಲಿಗೆಗೆ ತಾಗಿಸಿ, "ಉಪ್ಪು ಒಂದು ಚಿಟಿಕೆ ಕಮ್ಮಿ. ಇಷ್ಟು ವರ್ಷವೂ ಕಮ್ಮೀನೇ ಇತ್ತು, ಹೇಳಿದ್ರೆ ಬೇಜಾರು ಮಾಡ್ಕೋತೀರ ಅಂತ ಸುಮ್ನಿದ್ದೆ," ಎಂದಳು. ಒಲೆ ತಾತ ಒಲೆಯೊಳಗೆ ತಲೆ ಹಾಕಿಕೊಂಡು ನಕ್ಕ.

ಮಾರ್ಚ್ 12, ಬುಧವಾರ

ಬೇಯಿಸಿದ ಕ್ಯಾರೆಟ್. ನೋವಿಲ್ಲ. ಬೇಸರವಿದೆ.

ಮಾರ್ಚ್ 23, ಭಾನುವಾರ

ದಿನಾ ಬೆಳಿಗ್ಗೆ ಆರಕ್ಕೆ ಅಕ್ಕನ ತರಗತಿ. ಅವಳನ್ನು ಇಷ್ಟು ಹತ್ತಿರದಿಂದ ಕೆಲಸ ಮಾಡುವಾಗ ನೋಡಿ ಎಷ್ಟು ಕಾಲವಾಗಿತ್ತೋ. ಮೂವತ್ತು ಜನರಲ್ಲಿ ಯಾರ ಮಂಡಿ ನೋಯುತ್ತದೆ, ಯಾರ ಗಂಡ ತೀರಿಕೊಂಡು ಎಷ್ಟು ದಿನವಾಯಿತು, ಯಾರಿಗೆ ಉಪ್ಪು ಕೂಡದು, ಎಲ್ಲ ಬಾಯಿಪಾಠ. ಸಭಾಂಗಣದ ನೆಲ ತಾನೇ ಗುಡಿಸುತ್ತಾಳೆ. ನಿಧಾನವಾಗಿ ನಡೆಯುವವರ ಜೊತೆ ತಾನೂ ನಿಧಾನವಾಗಿ ನಡೆಯುತ್ತಾಳೆ. ಅವರಿಗೆ ತಾವು ಹಿಂದೆ ಬಿದ್ದೆವು ಅನ್ನಿಸಬಾರದು, ಅಷ್ಟೇ.

ನನ್ನ ಹಾಗೆಯೇ ಕಲ್ಲಿರುವವಳು ಇನ್ನೊಬ್ಬಳಿದ್ದಾಳೆ, ಮೂಲೆಯ ಹೊಲಿಗೆ ಅಂಗಡಿಯ ಟೈಲರಮ್ಮ. ಆಪರೇಷನ್ನಿಗೆ ದಿನ ಗೊತ್ತಾಗಿದೆಯಂತೆ, ಮೇ ತಿಂಗಳ ಮೊದಲ ವಾರ. "ನಿಮ್ಮದು ಹೇಗಿದೆ ಅಣ್ಣಾ?" ಎಂದು ದಿನಾ ಕೇಳುತ್ತಾಳೆ. ಮೂರು ವಾರದಿಂದ ನೋವೇ ಇಲ್ಲ ಎಂದರೆ ಆಸೆಯಿಂದ ನೋಡುತ್ತಾಳೆ.

ಪ್ಯಾಂಟಿಗೆ ಬೆಲ್ಟಿನಲ್ಲಿ ಹೊಸ ತೂತು ಹಾಕಿಸಬೇಕಾಯಿತು.

ಏಪ್ರಿಲ್ 5, ಶನಿವಾರ

ಒಂದು ತಿಂಗಳ ಮೇಲಾಯಿತು, ನೋವಿನ ಸುಳಿವಿಲ್ಲ. ಅಕ್ಕ ಇವತ್ತು ಹೇಳಿದಳು: "ಈಗ ಶುದ್ಧಿ. ಬರೋ ಶನಿವಾರ."

ಏನೆಂದರೆ, ವಾರವಿಡೀ ಸೇಬಿನ ರಸ, ಆಮೇಲೆ ಒಂದು ಇಳಿಹೊತ್ತು ಒಂದು ದೊಡ್ಡ ಲೋಟ ಎಣ್ಣೆಗೆ ನಿಂಬೆರಸ ಕಲಸಿ ಕುಡಿದು ಬಲಮಗ್ಗುಲಾಗಿ ಮಲಗುವುದು. ಭೇದಿಯ ಜೊತೆ ಕಲ್ಲು ಬೀಳುತ್ತದೆ.

ನನ್ನವಳು ಸೊಂಟಕ್ಕೆ ಕೈಯಿಟ್ಟು ನಿಂತಳು. "ಅತ್ತಿಗೆ, ನಾಲ್ಕು ಚಮಚ ಬೆಣ್ಣೆಗೆ ಮೂಟೆ ಮೇಲೆ ಬಿದ್ದ ಮನುಷ್ಯ ಇವ್ರು. ಈಗ ಒಂದು ಲೋಟ ಎಣ್ಣೆ ಕುಡಿಸ್ತೀನಿ ಅಂತೀರಲ್ಲ, ಇದೆಲ್ಲಿಯ ನ್ಯಾಯ?"

"ಅದು ಬೇರೆ, ಇದು ಬೇರೆ ಕಣಮ್ಮಾ. ನಾನು ಹತ್ತು ಜನಕ್ಕೆ ಮಾಡ್ಸಿದ್ದೀನಿ."

"ಆ ಹತ್ತು ಜನ ಆಮೇಲೆ ಸ್ಕ್ಯಾನ್ ಮಾಡಿಸಿದ್ರಾ?"

ಅಕ್ಕ ಸೆರಗು ಸರಿಪಡಿಸಿಕೊಂಡು, "ಅವ್ರಿಗೆ ನೋವು ಹೋಯ್ತು, ಸ್ಕ್ಯಾನ್ ಯಾಕೆ?" ಎಂದಳು.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಅಕ್ಕನ ಕಡೆ ನೋಡಿದೆ. ಅಲ್ಲಿಗೆ ಮುಗಿಯಿತು.

ಏಪ್ರಿಲ್ 12, ಶನಿವಾರ

ಕುಡಿದೆ. ಮೆಷಿನ್ನಿಗೆ ಎಣ್ಣೆ ಹಾಕಿದ ಹಾಗೆ. ಅಕ್ಕ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಿದ್ದಾಳೆ. ಹೆಚ್ಚು ಬರೆಯಲಾರೆ.

ಏಪ್ರಿಲ್ 13, ಭಾನುವಾರ

ಬಿದ್ದವು! ಒಂದೆರಡಲ್ಲ, ಇಪ್ಪತ್ತಮೂರು! ಹಸಿರು ಹಸಿರಾದ ಉಂಡೆಗಳು, ಬಟಾಣಿಯಷ್ಟು, ಕೆಲವು ಗೋಲಿಯಷ್ಟು. ಅಕ್ಕ ಕೈಗವಸು ಹಾಕಿಕೊಂಡು, ಹೇಸಿಗೆ ಅಂದುಕೊಳ್ಳದೆ ಒಂದೊಂದನ್ನೂ ತೊಳೆದು ಜಾಮ್ ಶೀಷೆಗೆ ಹಾಕಿದಳು. ಐವತ್ತೊಂದು ವರ್ಷದ ತಮ್ಮನಿಗೆ ಯಾವ ಅಕ್ಕ ಇದನ್ನು ಮಾಡುತ್ತಾಳೆ?

ಸುಸ್ತು ಬಹಳ. ಆದರೆ ಮೈ ಹಗುರ.

ಶೀಷೆಯನ್ನು ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಡಲಾಗಿದೆ. ನನ್ನವಳು ಮೊಸರನ್ನು ಪಕ್ಕದ ಮನೆಯ ಫ್ರಿಜ್ಜಿಗೆ ಕಳಿಸಿದಳು. "ಸ್ಕ್ಯಾನಿನಲ್ಲಿ ನಾಲ್ಕೇ ಇದ್ವು. ಇಪ್ಪತ್ತಮೂರು ಎಲ್ಲಿಂದ ಬಂದ್ವು? ಒಳಗೆ ಮರಿ ಹಾಕಿದ್ವಾ?" ಎಂದು ಕೇಳಿದಳು. ಒಳ್ಳೆಯ ದಿನ ಕೆಡಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ.

ಏಪ್ರಿಲ್ 14, ಸೋಮವಾರ

ತರಗತಿಯಲ್ಲಿ ಅಕ್ಕ ಶೀಷೆ ಎತ್ತಿ ತೋರಿಸಿದಳು. ಎಲ್ಲರೂ ಬಾಯಿಬಿಟ್ಟು ನೋಡಿದರು. ನನ್ನನ್ನು ಎರಡು ಮಾತಾಡು ಎಂದಳು. ನನಗೆ ಸಭೆಯಲ್ಲಿ ಮಾತು ಬರುವುದಿಲ್ಲ, ಆದರೂ ನಿಂತು, "ಅಕ್ಕ ಹೇಳಿದ್ದನ್ನ ಕೇಳಿದೆ, ಗುಣವಾಯ್ತು," ಎಂದೆ. ಚಪ್ಪಾಳೆ ಹೊಡೆದರು. ಟೈಲರಮ್ಮ ಮುಂದೆ ಬಂದು ಶೀಷೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಆಪರೇಷನ್ ಮುಂದಕ್ಕೆ ಹಾಕಿಸುತ್ತಾಳಂತೆ.

ಅಕ್ಕನ ಮುಖದಲ್ಲಿ ಅಷ್ಟು ಬೆಳಕನ್ನು ನಾನು ನೋಡಿರಲಿಲ್ಲ.

ಏಪ್ರಿಲ್ 29, ಮಂಗಳವಾರ

ನಿನ್ನೆ ಮಧ್ಯಾಹ್ನ ಮತ್ತೆ ಬಂತು. ತಿಂದದ್ದು ಅನ್ನ, ಬೇಯಿಸಿದ ಸೋರೆಕಾಯಿ. ಬೆಣ್ಣೆಯ ಡಬ್ಬಿಯ ಹತ್ತಿರವೂ ಹೋಗಿರಲಿಲ್ಲ. ಐದು ಗಂಟೆ ಕಾಲ. ಈ ಸಲ ಒಲೆ ತಾತ ತಮಾಷೆ ಮಾಡಲಿಲ್ಲ, ಭುಜದ ಮೇಲೆ ಕೈಯಿಟ್ಟುಕೊಂಡು ಆಸ್ಪತ್ರೆಯವರೆಗೂ ಬಂದ.

ಇವತ್ತು ಸ್ಕ್ಯಾನ್. ಅಕ್ಕನೂ ಬಂದಿದ್ದಳು. ಡಾಕ್ಟರಮ್ಮ ಪರದೆಯನ್ನು ನಮ್ಮ ಕಡೆ ತಿರುಗಿಸಿ ಬೆರಳಿಟ್ಟು ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಇದ್ದಲ್ಲೇ ಇವೆ. ದೊಡ್ಡದು ಚೀಲದ ಕುತ್ತಿಗೆಯ ಹತ್ತಿರ ಸರಿದಿದೆ.

ಅಕ್ಕ ಎಣ್ಣೆ ಕುಡಿಸಿದ್ದನ್ನು ಹೇಳಿ, ಕೈಚೀಲದಿಂದ ಶೀಷೆ ತೆಗೆದು ಮೇಜಿನ ಮೇಲಿಟ್ಟಳು. "ಹಾಗಾದ್ರೆ ಇವೇನು?"

ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಡಾಕ್ಟರಮ್ಮ ಬೈಯಲಿಲ್ಲ. ಶೀಷೆಯನ್ನು ತಿರುಗಿಸಿ ನೋಡಿ, "ಟೀಚರ್, ಪಥ್ಯದ ವಿಷಯದಲ್ಲಿ ನೀವು ಮಾಡಿದ್ದು ಸರಿ. ಇಷ್ಟು ದಿನ ಇವ್ರಿಗೆ ನೋವು ಬರದೆ ಇದ್ದದ್ದು ಬಹುಶಃ ಅದರಿಂದ್ಲೇ. ಆದ್ರೆ ಇವು ಕಲ್ಲಲ್ಲ. ನನ್ನ ಮಾತು ನಂಬಬೇಡಿ, ನೀವೇ ಪರೀಕ್ಷೆ ಮಾಡಿ. ಇನ್ನೊಂದು ಮಾತು. ಅಷ್ಟು ಎಣ್ಣೆ ಒಂದೇ ಸಲ ಕುಡಿದ್ರೆ ಪಿತ್ತಕೋಶ ಜೋರಾಗಿ ಹಿಂಡಿಕೊಳ್ಳುತ್ತೆ. ಸಣ್ಣ ಕಲ್ಲು ಹೊರಟು ಪಿತ್ತನಾಳದಲ್ಲಿ ಸಿಕ್ಕಿಕೊಂಡಿದ್ರೆ ಪ್ರಾಣಕ್ಕೇ ಬರ್ತಿತ್ತು. ಇವ್ರ ಅದೃಷ್ಟ ಚೆನ್ನಾಗಿತ್ತು," ಎಂದರು.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನನ್ನವಳು "ನಾನು ಹೇಳಿರ್ಲಿಲ್ವಾ" ಎನ್ನಬಹುದಿತ್ತು. ಅನ್ನಲಿಲ್ಲ. ಇಳಿಯುವಾಗ ಅಕ್ಕನ ಚೀಲ ತಾನು ಹಿಡಿದುಕೊಂಡಳು.

ಮೇ 3, ಶನಿವಾರ

ನೋವಿನ ಸುಸ್ತಿಗೆ ನಾನು ತರಗತಿಗೆ ಹೋಗಿಲ್ಲ. ನಾಲ್ಕು ದಿನ ಅಕ್ಕನ ಪತ್ತೆಯೂ ಇಲ್ಲ. ಫೋನಿಗೆ "ಕೆಲಸದಲ್ಲಿದ್ದೀನಿ" ಎಂದಷ್ಟೇ. ಇವತ್ತು ಬೇಕರಿಗೆ ಬಂದಳು. ಹಿಟ್ಟು ನಾದುವ ಮೇಜಿನ ಮೇಲೆ ಖಾಲಿ ಶೀಷೆ ಇಟ್ಟಳು.

"ಕರಗಿ ಹೋದ್ವು ಪುಟ್ಟಾ. ಬಿಸಿಲಿಗಿಟ್ಟೆ, ಮೆತ್ತಗಾದ್ವು. ಬಿಸಿ ನೀರಿಗೆ ಹಾಕಿದೆ, ತೇಲಿದ್ವು, ಆಮೇಲೆ ಎಣ್ಣೆಯಾದ್ವು. ಕಲ್ಲು ಎಲ್ಲಾದ್ರೂ ತೇಲುತ್ತಾ? ನಮ್ಮ ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳ್ತಿದ್ದ ಮೇಷ್ಟ್ರ ಮನೆಗೆ ಉಳಿದದ್ದನ್ನ ತಗೊಂಡು ಹೋದೆ. ಎರಡು ದಿನ ಅದೇನೇನೋ ಹಾಕಿ ನೋಡಿದ್ರು. ಕುಡಿದ ಎಣ್ಣೆ ಹೊಟ್ಟೆ ರಸದ ಜೊತೆ ಸೇರಿ ಗಟ್ಟಿಯಾಗಿದ್ದಂತೆ. ಒಂಥರಾ ಸಾಬೂನು." ಅವಳು ಕುರ್ಚಿಯಲ್ಲಿ ಕೂತಳು. "ನಿನ್ನ ಹೊಟ್ಟೇಲಿ ನಾನು ಸಾಬೂನು ಮಾಡ್ಸಿದೆ ಕಣೋ."

ಒಲೆ ತಾತನಿಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಒಳಗೆಲ್ಲ ಕ್ಲೀನ್ ಆಗಿರ್ಬೇಕಲ್ಲ ಟೀಚರ್?"

ಅಕ್ಕ ಮೊದಲು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ನಕ್ಕಳು. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡಳು. ನಾನೂ ನಕ್ಕೆ, ಪಕ್ಕೆ ನೋಯುವವರೆಗೆ.

ಹೋಗುವಾಗ ಬಾಗಿಲಲ್ಲಿ ನಿಂತು, "ಸೋಮವಾರ ಎಲ್ಲರಿಗೂ ಹೇಳ್ತೀನಿ," ಎಂದಳು.

"ಯಾಕಕ್ಕಾ? ನಿಲ್ಲಿಸಿಬಿಟ್ರೆ ಸಾಕಲ್ಲ. ಯಾರಿಗೆ ಗೊತ್ತಾಗುತ್ತೆ?" ಎಂದೆ.

"ಶೀಷೆ ತೋರಿಸಿದ್ದು ಮೂವತ್ತು ಜನಕ್ಕೆ. ಖಾಲಿ ಶೀಷೆ ನಿನಗೊಬ್ಬನಿಗೇ ತೋರಿಸಿದ್ರೆ ಹೇಗೆ?"

ಮೇ 5, ಸೋಮವಾರ

ಇದನ್ನು ಪೂರ್ತಿ ಬರೆಯಬೇಕು.

ಅಕ್ಕ ಎಂದಿನಂತೆ ಗುಡಿಸಿದಳು. ಎಂದಿನಂತೆ ಸೀಟಿ ಊದಿದಳು. ಎಲ್ಲರೂ ಸಾಲಾಗಿ ನಿಂತ ಮೇಲೆ, "ಇವತ್ತು ಮೊದ್ಲು ಕೂತ್ಕೊಳ್ಳಿ, ಒಂದು ಮಾತಿದೆ," ಎಂದಳು. ಖಾಲಿ ಶೀಷೆ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ಸ್ಕ್ಯಾನಿನಲ್ಲಿ ನಾಲ್ಕು ಕಲ್ಲು ಹಾಗೆಯೇ ಇರುವುದು, ಉಂಡೆ ಕರಗಿದ್ದು, ಮೇಷ್ಟ್ರು ಹೇಳಿದ್ದು, ಡಾಕ್ಟರಮ್ಮ ಹೇಳಿದ್ದು. ಏನನ್ನೂ ಮುಚ್ಚಲಿಲ್ಲ, ಏನಕ್ಕೂ ಸಬೂಬು ಹೇಳಲಿಲ್ಲ.

"ನಾನು ತಪ್ಪು ಹೇಳ್ಕೊಟ್ಟೆ. ಒಳ್ಳೇದಾಗಲಿ ಅಂತಲೇ ಹೇಳ್ಕೊಟ್ಟೆ, ಆದ್ರೂ ತಪ್ಪು ತಪ್ಪೇ. ಶುದ್ಧಿ ಮಾಡ್ಕೊಂಡವರೆಲ್ಲ ದಯವಿಟ್ಟು ಸ್ಕ್ಯಾನ್ ಮಾಡಿಸಿ. ಇನ್ನು ಮುಂದೆ ಯಾರೂ ಮಾಡ್ಬೇಡಿ."

ಎರಡನೇ ಸಾಲಿನಿಂದ ನಿವೃತ್ತ ಪೋಸ್ಟ್‌ಮಾಸ್ಟರು ಎದ್ದರು. ಮುಖ ಕೆಂಪಾಗಿತ್ತು. "ನನಗೆ ಗುಣ ಆಗಿದೆ! ಎರಡು ವರ್ಷದಿಂದ ನೋವಿಲ್ಲ. ಈಗ ಬಂದು ಸಾಬೂನು ಅಂದ್ರೆ ಏನರ್ಥ? ನಾವೇನು ದಡ್ಡರಾ?"

"ನಿಮಗೆ ನೋವಿಲ್ದೆ ಇರೋದು ಸಂತೋಷ ಸಾರ್. ದಡ್ಡತನ ಆಗಿದ್ರೆ ಅದು ನಂದು, ನಿಮ್ಮದಲ್ಲ. ಸ್ಕ್ಯಾನ್ ಮಾತ್ರ ಮಾಡಿಸಿ."

ಅವರು ಟೋಪಿ ಎತ್ತಿಕೊಂಡು ಹೊರಟೇ ಹೋದರು. ಅವರ ಹಿಂದೆ ಆರೇಳು ಜನ. ಬಾಗಿಲ ಹತ್ತಿರ ಯಾರೋ, "ಮುದುಕಿಗೆ ತಲೆ ಕೆಟ್ಟಿದೆ," ಎಂದದ್ದು ಎಲ್ಲರಿಗೂ ಕೇಳಿಸಿತು. ಅಕ್ಕನಿಗೂ ಕೇಳಿಸಿತು. ಬೆನ್ನು ಅಳತೆಗೋಲಿನ ಹಾಗೆಯೇ ಇತ್ತು.

ನನಗೆ ಏನಾಯಿತೋ, ಎದ್ದು ನಿಂತು, "ಅವತ್ತು ಗುಣವಾಯ್ತು ಅಂತ ಇಲ್ಲೇ ನಿಂತು ಹೇಳಿದವನು ನಾನು. ನನ್ನದೂ ತಪ್ಪಿದೆ," ಎಂದೆ. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ.

ಅಕ್ಕ ಸಾಲುಗಳ ಮೇಲೆ ಕಣ್ಣಾಡಿಸಿದಳು. "ಟೈಲರಮ್ಮ ಎಲ್ಲಿ?"

ಮೂರು ದಿನದಿಂದ ಬಂದಿಲ್ಲ ಎಂದರು.

ಅಕ್ಕ ಸೀಟಿಯನ್ನು ಕೊರಳಿನಿಂದ ತೆಗೆದು ನನ್ನ ಕೈಗೆ ಕೊಟ್ಟು ಹೊರಟಳು. ನಾನು ಹಿಂದೆಯೇ ಓಡಿದೆ. ಹೊಲಿಗೆ ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಕತ್ತರಿಸಿದ ಬಟ್ಟೆಗಳ ನಡುವೆ ಚಾಪೆಯ ಮೇಲೆ ಟೈಲರಮ್ಮ ಮಲಗಿದ್ದಳು. ಮೈ ಸುಡುತ್ತಿತ್ತು. ಕಣ್ಣು ಅರಿಶಿನ ಬಳಿದ ಹಾಗೆ ಹಳದಿ.

"ಏನ್ ಮಾಡ್ಕೊಂಡ್ಯಮ್ಮಾ?"

"ಶುಕ್ರವಾರ ಸಂಜೆ... ನಾನೇ ಎಣ್ಣೆ ಕುಡಿದೆ ಟೀಚರ್. ನಿಮಗೆ ಯಾಕೆ ತೊಂದ್ರೆ ಅಂತ ಹೇಳ್ಲಿಲ್ಲ. ನೋವು ಬಂತು. ಕಲ್ಲು ಇಳೀತಿದೆ ಅಂದ್ಕೊಂಡೆ."

ಅಕ್ಕ ಅವಳನ್ನು ಎತ್ತಿ ಕೂರಿಸಿ, ನನ್ನಿಂದ ಆಂಬುಲೆನ್ಸಿಗೆ ಫೋನ್ ಮಾಡಿಸಿ, ಅದು ಬರುವವರೆಗೆ ಅವಳ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡಿದ್ದಳು. ಆಸ್ಪತ್ರೆಯಲ್ಲಿ, "ಎಣ್ಣೆ ಕುಡಿಯೋದನ್ನ ಯಾರು ಹೇಳ್ಕೊಟ್ರು?" ಎಂದು ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಕೇಳಿದಾಗ ಅಕ್ಕ ಮುಂದೆ ಬಂದು, "ನಾನು," ಎಂದಳು. ಅಷ್ಟೇ. ಒಂದೇ ಮಾತು.

ಕಲ್ಲೊಂದು ನಾಳದಲ್ಲಿ ಸಿಕ್ಕಿಕೊಂಡಿತ್ತು. ಬಾಯಿಯಿಂದ ನಳಿಗೆ ಇಳಿಸಿ ತೆಗೆದಿದ್ದಾರೆ. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಿತ್ತಂತೆ.

ಈ ಊರಿನಲ್ಲಿ ಧೈರ್ಯವಂತರು ಬೇಕಾದಷ್ಟು ಜನ ಇರಬಹುದು. ಇವತ್ತು ನಾನು ನೋಡಿದಂಥದ್ದನ್ನು ಬೇರೆ ಎಲ್ಲೂ ನೋಡಿಲ್ಲ.

ಮೇ 6, ಮಂಗಳವಾರ

ಊಟದ ವಿಷಯ ಬರೆಯುವುದೇ ನಿನ್ನೆ ಮರೆತಿತ್ತು. ಏನೂ ತಿಂದಿರಲಿಲ್ಲ ಎಂದು ಕಾಣುತ್ತದೆ.

ಮೇ 10, ಶನಿವಾರ

ಟೈಲರಮ್ಮನ ಜ್ವರ ಇಳಿದಿದೆ. ಒಂದೆರಡು ವಾರದಲ್ಲಿ ಪಿತ್ತಕೋಶದ ಆಪರೇಷನ್ನನ್ನೂ ಮಾಡುತ್ತಾರೆ. ಅಕ್ಕ ದಿನಾ ಹೋಗಿ ತಲೆ ಬಾಚಿ ಬರುತ್ತಾಳೆ. ಅವಳ ಅಂಗಡಿಯಲ್ಲಿ ಅರ್ಧಕ್ಕೆ ನಿಂತ ಸಮವಸ್ತ್ರಗಳಿಗೆ ಗುಂಡಿ ಹೊಲಿಯುವ ಕೆಲಸವನ್ನೂ ಹಚ್ಚಿಕೊಂಡಿದ್ದಾಳೆ. ಗುಂಡಿ ಸೊಟ್ಟಗಿವೆ.

ಇವತ್ತು ನಾನೂ ಹೋಗಿದ್ದೆ. ಅಕ್ಕ ಕ್ಷಮೆ ಕೇಳಿದಾಗ ಟೈಲರಮ್ಮ, "ಬಿಡಿ ಟೀಚರ್. ತಪ್ಪು ಹೇಳ್ಕೊಟ್ಟೋರು ಬೇಕಾದಷ್ಟು ಜನ ಸಿಕ್ಕಿದ್ದಾರೆ. ಹುಡುಕ್ಕೊಂಡು ಬಂದವರು ನೀವೊಬ್ರೇ. ಆದ್ರೆ ಆ ಗುಂಡಿ ಮಾತ್ರ ಹೊಲಿಬೇಡಿ, ಮಕ್ಕಳು ನನ್ನ ಬೈತಾರೆ," ಎಂದಳು.

ಮೇ 16, ಶುಕ್ರವಾರ

ಓಟ್ಸ್. ಸೇಬು. ಅನ್ನ, ಬೇಯಿಸಿದ ಕುಂಬಳ. ಸಣ್ಣ ನೋವು, ಹತ್ತು ನಿಮಿಷ.

ಡಾಕ್ಟರಮ್ಮನ ಹತ್ತಿರ ಹೋಗಿ ಆಪರೇಷನ್ನಿಗೆ ದಿನ ಹಾಕಿಸಿಕೊಂಡು ಬಂದೆ, 26ನೇ ತಾರೀಕು. ನಾಲ್ಕು ಸಣ್ಣ ತೂತು ಮಾಡುತ್ತಾರಂತೆ, ಎರಡು ದಿನಕ್ಕೆ ಮನೆ. ಬರುವ ದಾರಿಯಲ್ಲಿ ಯೀಸ್ಟ್ ತಂದೆ. ಸಂಜೆ ಅಕ್ಕನಿಗೆ ಫೋನ್ ಮಾಡಿ ತಾರೀಕು ತಿಳಿಸಿದೆ. "ಹೌದಾ?" ಎಂದಳು. ಆಮೇಲೆ, "ಸರಿ ಪುಟ್ಟಾ," ಎಂದಳು.

ಅಂಗಡಿಯವನು ಹಳೆಯ ಯೀಸ್ಟ್ ಕೊಟ್ಟಿದ್ದಾನೆ. ನಾಳೆ ವಾಪಸು ಮಾಡಬೇಕು.

ಮೇ 25, ಭಾನುವಾರ

ಆಸ್ಪತ್ರೆಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಕಿಟಕಿಯಿಂದ ಸೈಕಲ್ ನಿಲ್ಲಿಸುವ ಜಾಗ ಕಾಣುತ್ತದೆ.

ಮಧ್ಯಾಹ್ನ ನರ್ಸ್ ಒಪ್ಪಿಗೆ ಪತ್ರ ತಂದಳು. ನನ್ನ ಸಹಿಯ ಕೆಳಗೆ ಹತ್ತಿರದ ಸಂಬಂಧಿಯ ಸಹಿ. ನನ್ನವಳು ಪೆನ್ನು ತೆಗೆದುಕೊಂಡಳು. ಅಕ್ಕ, "ನಾನು ಹಾಕ್ಲಾ?" ಎಂದಳು. ಅವಳ ದನಿ ಕೇಳಿ ನನ್ನವಳು ತಕ್ಷಣ ಪೆನ್ನು ಕೊಟ್ಟಳು.

ಅಕ್ಕ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ ಹೇಳಿದಳು.

"ಅಮ್ಮಂಗೆ ಸಹಿ ಹಾಕಿದ್ದು ನಾನೇ. ನಿಂಗೆ ಯಾವತ್ತೂ ಹೇಳಿಲ್ಲ. ಅಪ್ಪ ಲಾರಿ ತಗೊಂಡು ಹೋಗಿದ್ದ, ಎಲ್ಲಿದ್ದಾನೆ ಅಂತಲೂ ಗೊತ್ತಿರ್ಲಿಲ್ಲ. ಹಾಕಮ್ಮಾ, ಹೊತ್ತಾಗ್ತಿದೆ ಅಂದ್ರು. ಹಾಕಿದೆ. ಆಮೇಲೆ ಎಷ್ಟೋ ವರ್ಷ ನನ್ನ ಕೈಬರಹ ನೋಡಿದ್ರೆ ನನಗೇ ಆಗ್ತಿರ್ಲಿಲ್ಲ. ಯಾರಿಗೂ ಇಂಥ ಕಾಗದ ಬೇಡ ಅಂತಲೇ ಈ ಪಥ್ಯ, ಶುದ್ಧಿ ಎಲ್ಲ ಹುಡುಕ್ಕೊಂಡು ಹೋದೆ ಅನ್ಸುತ್ತೆ."

ನಲವತ್ತಾರು ವರ್ಷ! ಒಂದೇ ಸೂರಿನಡಿ ಬೆಳೆದವನು ನಾನು, ನನಗೆ ಗೊತ್ತಿರಲಿಲ್ಲ. ಅಮ್ಮನನ್ನು ನೆನೆದು ನಾನು ಅತ್ತಾಗಲೆಲ್ಲ ಅವಳು ಇದನ್ನು ಒಳಗಿಟ್ಟುಕೊಂಡೇ ನನಗೆ ಸಮಾಧಾನ ಹೇಳುತ್ತಿದ್ದಳು.

ನಾನು ಅವಳ ಮಂಡಿಯ ಮೇಲೆ ಕೈಯಿಟ್ಟೆ. "ಅಕ್ಕಾ, ಆಗ ನಿನಗೆ ಇಪ್ಪತ್ತು ವರ್ಷ. ಸಹಿ ಹಾಕದೆ ಇದ್ದಿದ್ರೂ ಅಮ್ಮ ಉಳೀತಿರ್ಲಿಲ್ಲವೇನೋ. ಹಾಕಿದ್ದಕ್ಕೆ ಒಂದು ದಾರಿ ಅಂತ ಇತ್ತು. ನಾಳೆ ನನಗೇನೂ ಆಗಲ್ಲ. ಒಂದ್ವೇಳೆ ಏನಾದ್ರೂ ಆದ್ರೂ ಅದು ನಿನ್ನ ಸಹಿಯಿಂದ ಅಲ್ಲ. ಹಾಕು."

ಹಾಕಿದಳು. ಪೂರ್ತಿ ಹೆಸರು ಬರೆದಿದ್ದಾಳೆ.

ನರ್ಸ್ ನಾಡಿ ನೋಡಿ, "ಭಯ ಆಗ್ತಿಲ್ವಾ?" ಎಂದಳು. ಆಗಬೇಕಿತ್ತು. ನಿದ್ದೆ ಬರುತ್ತಿದೆ.

ಮೇ 28, ಬುಧವಾರ

ಮನೆ. ಆಯಿತು. ನಕ್ಕರೆ ನೋವು. ಒಲೆ ತಾತನನ್ನು ಒಂದು ವಾರ ಮನೆಗೆ ಬರಬೇಡ ಎಂದು ಹೇಳಿಸಿದ್ದೇನೆ.

ಜೂನ್ 16, ಸೋಮವಾರ

ಬೇಕರಿಗೆ ಮರಳಿ ಮೂರನೇ ದಿನ. ಭಾರ ಎತ್ತುವಂತಿಲ್ಲ, ನಾದಬಹುದು. ಬೆಣ್ಣೆ ಒಂದು ಸ್ವಲ್ಪ ತಿನ್ನಬಹುದು ಎಂದಿದ್ದಾರೆ. ತಿಂದು ನೋಡಿದೆ, ನನ್ನವಳು ಹೇಳಿದ್ದು ನಿಜ, ಬಿಸ್ಕತ್ತಿಗೆ ಉಪ್ಪು ಒಂದು ಚಿಟಿಕೆ ಬೇಕೇ ಬೇಕು.

ಹತ್ತು ಗಂಟೆಗೆ ಅಕ್ಕ ಬಂದಳು. ಮೇಜಿನ ಎದುರು ಕೂತು ಬನ್ನನ್ನು ಚೂರು ಚೂರು ಮಾಡಿದಳು, ತಿನ್ನಲಿಲ್ಲ.

"ಪುಟ್ಟಾ, ನಿನ್ನನ್ನ ಒಂದು ಮಾತು ಕೇಳ್ಬೇಕಿತ್ತು. ತರಗತೀಲಿ ಈಗ ಒಂಬತ್ತು ಜನ ಉಳಿದಿದ್ದಾರೆ. ಪೋಸ್ಟ್‌ಮಾಸ್ಟ್ರು ಉದ್ಯಾನದ ಎದುರು ಬದಿಯಲ್ಲಿ ತಾವೇ ಒಂದು ತರಗತಿ ಶುರು ಮಾಡಿದ್ದಾರಂತೆ, ಅಲ್ಲಿ ಎಣ್ಣೆ ಲೋಟ ನಡೀತಾನೇ ಇದೆ. ನನಗೆ ಇನ್ನು ಯಾರಿಗಾದ್ರೂ ಏನಾದ್ರೂ ಹೇಳೋಕೆ ಬಾಯೇ ಬರಲ್ಲ. ನಿಲ್ಲಿಸಿಬಿಡ್ಲಾ? ನೀನೇ ಹೇಳು."

ನಾನು ಹಿಟ್ಟು ನಾದುತ್ತಲೇ ಹೇಳಿದೆ: "ನಿಲ್ಲಿಸ್ಬೇಡ. ನೀನು ನಿಲ್ಲಿಸಿದ್ರೆ ಆ ಒಂಬತ್ತು ಜನವೂ ಅಲ್ಲಿಗೇ ಹೋಗ್ತಾರೆ. ನಡಿಗೆ ಮಾಡ್ಸು, ಊಟ ಹೇಳ್ಕೊಡು, ಅದರಲ್ಲಿ ನಿನ್ನ ಮೀರಿಸೋರಿಲ್ಲ. ಹೊಟ್ಟೆನೋವು ಅಂತ ಬಂದವರನ್ನ ಮೊದ್ಲು ಡಾಕ್ಟರ ಹತ್ರ ಕಳಿಸು. ಪೋಸ್ಟ್‌ಮಾಸ್ಟ್ರ ಹತ್ರ ನಾನೇ ಹೋಗಿ ಮಾತಾಡ್ತೀನಿ. ಟೈಲರಮ್ಮನ್ನೂ ಕರ್ಕೊಂಡು ಹೋಗ್ತೀನಿ."

ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಹಾಗಂತೀಯಾ?"

"ಹಾಗೇ."

"ಆಯ್ತು," ಎಂದಳು. ಚೂರು ಮಾಡಿದ ಬನ್ನನ್ನು ಒಟ್ಟುಗೂಡಿಸಿ ಪೂರ್ತಿ ತಿಂದಳು. ಕೈ ಕೊಡವಿಕೊಂಡು ನೆಟ್ಟಗೆ ನಡೆದು ಹೋದಳು.

ತಿರುಗಿದರೆ ನನ್ನವಳು ಕೌಂಟರಿನ ಹಿಂದೆ ನಿಂತು ಗಿರಾಕಿಯನ್ನೂ ಮರೆತು ನನ್ನನ್ನೇ ನೋಡುತ್ತಿದ್ದಾಳೆ.

"ಏನೇ?"

"ಏನಿಲ್ಲ," ಎಂದಳು. ಮುಖದ ತುಂಬ ನಗು.

ಯಾಕೆ ನಕ್ಕಳೋ ತಿಳಿಯಲಿಲ್ಲ. ಬ್ರೆಡ್ಡು ಒಲೆಯಲ್ಲಿತ್ತು, ಒಳಗೆ ಹೋದೆ.